ಬಸ್ಸಿನ ದಾರಿ, ಬಸ್ಸಿನ ಸದ್ದು

ರೈಲ್ವೆಯವರ ಪರಿಭಾಷೆಯಲ್ಲಿ ಒಂದು ಊರಿನ ಹೆಸರಿಗೆ ‘ರೋಡ್’ ಎಂಬ ಬಾಲ ಹತ್ತಿದರೆ, ಆ ಊರು ಅಲ್ಲಿಲ್ಲ ಎಂದೇ ಅರ್ಥ. ಗೋಕಾಕ ರೋಡ್ ನಿಲ್ದಾಣದಲ್ಲಿ ಇಳಿದವನಿಗೆ ಗೋಕಾಕ ಕಾಣುವುದಿಲ್ಲ. ಚಿಕ್ಕೋಡಿ ರೋಡಿನಲ್ಲಿ ಇಳಿದವನಿಗೆ ಚಿಕ್ಕೋಡಿಯೂ ಕಾಣುವುದಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಲೋಂಡಾದಿಂದ ಬೆಳಗಾವಿಯ ಮೇಲೆ ಮಿರಜಕ್ಕೆ ಮೀಟರ್ ಗೇಜಿನ ಹಳಿ ಹಾಸಿದಾಗ ಹುಕ್ಕೇರಿ ತಾಲ್ಲೂಕಿನ ಪಾಶ್ಚಾಪುರಕ್ಕೆ ನಿಲ್ದಾಣ ದೊರೆಯಿತು, ಹುಕ್ಕೇರಿಗೆ ದೊರೆಯಲಿಲ್ಲ. ಮೂಡಲಗಿಯ ಮಾತು ಕೇಳುವಂತೆಯೇ ಇಲ್ಲ. ಮುಂದೆ ಪುಣೆ–ಬೆಂಗಳೂರು ಹೆದ್ದಾರಿ ಬೆಳೆದಾಗಲೂ ಅದೇ ಕಥೆ: ಅದು ಸಂಕೇಶ್ವರವನ್ನು ಮುಟ್ಟಿ, ಹುಕ್ಕೇರಿಯನ್ನು ಪಕ್ಕಕ್ಕೆ ಬಿಟ್ಟು, ಹತ್ತರಗಿ, ಯಮಕನಮರಡಿಗಳ ಮೇಲೆ ಬೆಳಗಾವಿಗೆ ಹೋಯಿತು. ಹೀಗೆ ಹಳಿಗೂ ಹೆದ್ದಾರಿಗೂ ಸಲ್ಲದೆ ಉಳಿದ ಈ ಮೂರು ಊರುಗಳಲ್ಲಿ ಸಾರಿಗೆಯ ಇತಿಹಾಸವೆಂದರೆ ಬಹುಮಟ್ಟಿಗೆ ಬಸ್ಸಿನ ಇತಿಹಾಸವೇ. ಈ ಸೀಮೆಯಲ್ಲಿ ಬಹಳ ವರ್ಷ ಬಸ್ಸನ್ನೇ ನಂಬಿ ಓಡಾಡಿದವನಾದ್ದರಿಂದ ಆ ಇತಿಹಾಸವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಬಸ್ಸಿಗಿಂತ ಮೊದಲು ಇಲ್ಲಿ ಸದ್ದು ಇರಲಿಲ್ಲವೆಂದು ಯಾರೂ ತಿಳಿಯಬಾರದು. ಘಟಪ್ರಭೆ ಸುಮಾರು 52 ಮೀಟರು ಕೆಳಕ್ಕೆ ಧುಮುಕುವ ಗೋಕಾಕ ಜಲಪಾತದ ಮಳೆಗಾಲದ ಮೊರೆತವಿತ್ತು. ಆ ನೀರಿನ ಬಲವನ್ನೇ ನಂಬಿ 1885ರಲ್ಲಿ ಸ್ಥಾಪನೆಯಾದ ಕಂಪನಿ ಅಲ್ಲಿ ನೂಲಿನ ಗಿರಣಿ ತೆರೆಯಿತು. ಗಿರಣಿಯ ಭೋಂಗಾ ಪಾಳಿಯ ಹೊತ್ತನ್ನು ಸಾರತೊಡಗಿತು. ಕೌಜಲಗಿ, ಕುಲಗೋಡಗಳ ಕಡೆ ಶ್ರೀಕೃಷ್ಣ ಪಾರಿಜಾತದ ಮೇಳ ಕೂಡಿದರೆ ಬೆಳಗಿನವರೆಗೂ ಹಾಡು. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇವರ ಹೆಸರುಗಳು ಆ ರಾತ್ರಿಗಳಿಂದಲೇ ನಮಗೆ ಬಂದವು. ನಿದ್ರೆ ಕೆಟ್ಟಿತೆಂದು ಯಾರೂ ಮಾಮಲೇದಾರರ ಕಚೇರಿಗೆ ಅರ್ಜಿ ಒಯ್ದಂತೆ ಕಾಣೆ. ಕರೆದು ತಂದ ಸದ್ದು ಬೇರೆ, ಮೇಲೆ ಬಂದು ಬಿದ್ದ ಸದ್ದು ಬೇರೆ.

ಮೊದಲು ಬಂದವು ಖಾಸಗಿ ಮೋಟಾರುಗಳು. ಒಡೆಯನಿಗೆ ಲಾಭ ಕಂಡ ದಾರಿಯಲ್ಲಿ ಅವು ಓಡಿದವು; ಆಸನ ತುಂಬುವವರೆಗೆ ಹೊರಡದಿದ್ದುದೂ ಉಂಟು. 1948ರಲ್ಲಿ ಮುಂಬಯಿ ಪ್ರಾಂತದ ಸರಕಾರ ತಾನೇ ಬಸ್ಸು ಓಡಿಸತೊಡಗಿತು. ‘ಸ್ಟೇಟ್ ಟ್ರಾನ್ಸ್‌ಪೋರ್ಟ್’ ಎಂಬುದರ ಮೊದಲೆರಡು ಅಕ್ಷರಗಳು ನಮ್ಮ ಜನರ ಬಾಯಲ್ಲಿ ‘ಯಸ್ಟಿ’ ಆಗಿ ನಿಂತವು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ಅದರ ಹಿಂದಿನ ವರ್ಷವೇ ಮಹಾರಾಷ್ಟ್ರ ಆ ಹೆಸರಿನ ರಾಜ್ಯವಾದ್ದರಿಂದ, ಗಡಿಯ ಈಚೆಗೂ ಆಚೆಗೂ ಓಡುವ ಬಸ್ಸುಗಳ ಸಂಸ್ಥೆಗಳಿಗೆ ಇಂಗ್ಲಿಷಿನ ಆದ್ಯಕ್ಷರಗಳು ಒಂದೇ ಆದದ್ದು ಒಂದು ತಮಾಷೆ. 1973ರಲ್ಲಿ ಆ ತಮಾಷೆಯೂ ಮುಗಿಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಸಂಸ್ಥೆ ಬೇರೆಯಾಯಿತು. ಇಷ್ಟೆಲ್ಲ ಹೆಸರು ಬದಲಾದರೂ ಹಳಬರ ಬಾಯಲ್ಲಿ ಅದು ಯಸ್ಟಿಯೇ.

ಆ ಯಸ್ಟಿ ತಂದ ನಿಜವಾದ ಕ್ರಾಂತಿ, ನನ್ನ ಮಟ್ಟಿಗೆ, ವಸ್ತಿ ಬಸ್ಸು. ಕತ್ತಲಾದ ಮೇಲೆ ಹಳ್ಳಿಗೆ ಬಂದು, ಅಲ್ಲಿಯೇ ತಂಗಿ, ನಸುಕಿನಲ್ಲಿ ಪೇಟೆಗೆ ಹೊರಡುವ ಗಾಡಿ ಇದು. ಖಾಸಗಿ ಒಡೆಯ ಇಂಥ ಗಾಡಿಯನ್ನು ಯಾಕೆ ಬಿಟ್ಟಾನು? ಕಾಯಿಪಲ್ಲೆಯ ಬುಟ್ಟಿ, ಹಾಲಿನ ಕ್ಯಾನು, ಘಟಪ್ರಭಾದ ಕರ್ನಾಟಕ ಆರೋಗ್ಯ ಧಾಮಕ್ಕೆ ಹೊರಟ ರೋಗಿ, ಗೋಕಾಕದ ಕಾಲೇಜಿಗೆ ಹೊರಟ ಹುಡುಗಿ, ಎಲ್ಲಕ್ಕೂ ಅದೊಂದೇ ಗತಿ. ಹೊರಡುವ ಮುನ್ನ ಚಾಲಕ ಎಂಜಿನ್ ಬಿಸಿ ಮಾಡುತ್ತ ಮೂರು ಸಲ ಹಾರ್ನು ಒತ್ತುತ್ತಿದ್ದ. ಅಗಸಿಯ ಬಳಿಯ ಮನೆಯವರಿಗೆ ಅದು ಕಿರುಕುಳ. ಊರ ಆಚೆಯ ತೋಟಪಟ್ಟಿಯವರಿಗೆ ಅದೇ ಗಡಿಯಾರ. ಬಸ್ಸಿನ ಸದ್ದು ಹೆಚ್ಚಾಯಿತೆನ್ನುವ ದೂರೂ ಬಸ್ಸೇ ಬರುವುದಿಲ್ಲವೆನ್ನುವ ದೂರೂ ಒಂದೇ ಊರಿನಿಂದ ಹೊರಡುವುದನ್ನು ನಾನು ಬಲ್ಲೆ. ಮನೆಗಳು ಮಾತ್ರ ಬೇರೆ.

ಕಾನೂನು ಮೊದಲ ಮನೆಯವರ ಪಕ್ಷಕ್ಕಿದೆ. ಕರ್ಕಶವಾದ, ಬಹುಸ್ವರದ ಹಾರ್ನು ಕೂಡದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿದವು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರು ನಿಶ್ಶಬ್ದ ವಲಯವಾಗಬಹುದೆಂದವು. 2010ರ ತಿದ್ದುಪಡಿ ಬಂದ ಮೇಲೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶದಲ್ಲಿ, ತುರ್ತಿನ ಹೊರತು, ಹಾರ್ನು ಒತ್ತುವಂತೆಯೇ ಇಲ್ಲ. ಎಂದರೆ ಐದೂವರೆಯ ವಸ್ತಿ ಬಸ್ಸಿನ ಆ ಮೂರು ಕೂಗು ಅಪರಾಧ. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ದೊಡ್ಡ ನಗರ. ತೋಟಪಟ್ಟಿಯ ಹಾಲಿನ ಕ್ಯಾನು ಅವರಿಗೆ ಕಂಡಿರಲಾರದು. ಆದರೆ ಗೋಕಾಕದ ಪೇಟೆಯ ಇಕ್ಕಟ್ಟಿನಲ್ಲಿ, ಮುಂದೆ ಎತ್ತಿನ ಗಾಡಿ ನಿಂತದ್ದು ಕಂಡೂ ಗಾಳಿ ಹಾರ್ನು ಒತ್ತುವವನಿಗೆ ನಾನು ವಕಾಲತ್ತು ವಹಿಸಲಾರೆ.

ಇನ್ನು ಕಬ್ಬಿನ ಹಂಗಾಮಿನ ಮಾತು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಮೊದಲಾದ ಕಾರ್ಖಾನೆಗಳು ನುರಿಸತೊಡಗಿದರೆ ಚಳಿಗಾಲವೆಲ್ಲ ದಾರಿ ಟ್ರ್ಯಾಕ್ಟರುಗಳ ಪಾಲು. ಎರಡೆರಡು ಟ್ರೇಲರು ಕಬ್ಬು, ಚಾಲಕನ ತಲೆಯ ಹಿಂದೆ ಧ್ವನಿಪೆಟ್ಟಿಗೆ. ನಿದ್ದೆ ಬಾರದಿರಲೆಂದು ಅವನು ಹಾಡು ಹಚ್ಚುತ್ತಾನೆ. ದಾರಿಗುಂಟ ಇರುವ ಮನೆಗಳ ನಿದ್ದೆಯೂ ಅದರ ಜೊತೆಗೇ ಹೋಗುತ್ತದೆ. ಅವನ ಹಿಂದೆ ಸಿಕ್ಕಿಕೊಂಡ ಬಸ್ಸಿಗೆ ವೇಳೆ ತಪ್ಪುತ್ತದೆ, ಬಸ್ಸಿನ ಚಾಲಕ ಹಾರ್ನು ಒತ್ತುತ್ತಾನೆ. ಹಾಡಿನ ಅಬ್ಬರದಲ್ಲಿ ಅದು ಮುಂದಿನವನಿಗೆ ಕೇಳುವುದಿಲ್ಲ, ಊರಿಗೆ ಕೇಳುತ್ತದೆ.

ಸದ್ದು ಪೂರ್ತಿ ಅಡಗಿದ್ದನ್ನೂ ಈ ಸೀಮೆ ಕಂಡಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಹತ್ತಿರದ ಲೋಳಸೂರ ಸೇತುವೆಯ ಮೇಲೆ ನೀರು ಹರಿದಾಗ ಆ ದಾರಿಯ ಬಸ್ಸು ನಿಂತಿತು. ಹಾರ್ನಿನ ಹಾವಳಿಯನ್ನು ಬೈಯುತ್ತಿದ್ದವರೇ ಆಗ ಬಸ್ಸು ಎಂದು ಬಿಡುತ್ತಾರೆಂದು ಕೇಳತೊಡಗಿದ್ದರು.

2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣ ಬಂತು. ಮನೆಯಿಂದ ಹೊರಡಲು ಕಾರಣವೂ ಕಾಸೂ ಎರಡನ್ನೂ ಕೇಳಬೇಕಾಗಿದ್ದವಳಿಗೆ ಕಾಸನ್ನು ಕೇಳುವುದು ತಪ್ಪಿದ್ದು ಸಣ್ಣ ಮಾತಲ್ಲ. ಆದರೆ ಜನ ಹೆಚ್ಚಿದಷ್ಟು ಗಾಡಿ ಹೆಚ್ಚಲಿಲ್ಲವೆಂಬುದನ್ನು ಬೆಳಗಿನ ಯಾವ ಕ್ರಾಸಿನಲ್ಲಿ ನಿಂತರೂ ಕಾಣಬಹುದು. ಈಗ ತಾಲ್ಲೂಕು ಕೇಂದ್ರವಾಗಿರುವ ಮೂಡಲಗಿಯ ದಾರಿಯಲ್ಲಿ ಪಾಟೀಚೀಲ ಹೊತ್ತ ಹುಡುಗಿಯರು ಕೈ ಮಾಡುತ್ತಾರೆ. ಬಾಗಿಲವರೆಗೆ ತುಂಬಿದ ಬಸ್ಸು ಉದ್ದಕ್ಕೆ ಹಾರ್ನು ಒತ್ತುತ್ತ, ನಿಲ್ಲದೆ ಮುಂದೆ ಹೋಗುತ್ತದೆ.