ರಾಟೆ: ಬಾವಿಯಿಂದ ಬಾವುಟದವರೆಗೆ

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ವಿದುರಾಶ್ವತ್ಥ ಸಿಗುತ್ತದೆ. ಒಂದು ಕಡೆ ಉತ್ತರ ಪಿನಾಕಿನಿಯ ಪಾತ್ರ, ಇನ್ನೊಂದು ಕಡೆ ಸಾಲುಸಾಲು ನಾಗರಕಲ್ಲು. ವಿದುರನೇ ನೆಟ್ಟನೆಂದು ಐತಿಹ್ಯ ಹೇಳುವ ಅಶ್ವತ್ಥದಿಂದ ಊರಿಗೆ ಬಂದ ಹೆಸರು. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಂದು ಮಡಿದವರು 32 ಮಂದಿ ಎಂದು ಈ ಸೀಮೆ ನೆನೆಯುತ್ತದೆ. ಅವರು ಏರಿಸಹೊರಟ ಬಾವುಟ ಕಾಂಗ್ರೆಸ್ಸು 1931ರಲ್ಲಿ ಒಪ್ಪಿಕೊಂಡ ತ್ರಿವರ್ಣ. ಅದರ ನಡುವಣ ಬಿಳಿಯ ಪಟ್ಟಿಯಲ್ಲಿ ಒಂದು ಯಂತ್ರದ ಚಿತ್ರವಿತ್ತು. ಕನ್ನಡದಲ್ಲಿ ಅದು ರಾಟೆ. ಈ ಗಡಿಸೀಮೆಯ ಮನೆಮನೆಯಲ್ಲೂ ಕನ್ನಡದೊಡನೆ ಬೆರೆತು ಆಡುವ ತೆಲುಗಿನಲ್ಲಿ ರಾಟ್ನಂ. ಪ್ರಾಣಕ್ಕಿಂತ ಮೇಲೆಂದು ಜನ ಎತ್ತಿ ಹಿಡಿದ ಆ ಚಿತ್ರದ ಹೆಸರು ಎಲ್ಲಿ ಹುಟ್ಟಿತು, ಯಾವ ಯಾವ ಕೆಲಸಕ್ಕೆ ಕೈಹಚ್ಚಿ ಇಲ್ಲಿಗೆ ಬಂತು ಎಂಬುದನ್ನು ಪದಪ್ರಿಯರಾದ ನಾವು ಒಮ್ಮೆ ನಿಧಾನವಾಗಿ ನೋಡಬೇಕು.

ಮೊದಲು ಮನೆತನದವರನ್ನೆಲ್ಲ ಒಂದೆಡೆ ಕೂರಿಸೋಣ. ಕನ್ನಡದಲ್ಲಿಯೇ ರಾಟ, ರಾಟಿ, ರಾಟೆ, ರಾಟಣ, ರಾಟಳ, ರಾಟಾಳ, ರಾಟವಾಳ ಎಂದು ರೂಪಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ತೆಲುಗಿನಲ್ಲಿ ರಾಟಮು, ರಾಟ್ನಮು. ತಮಿಳಿನಲ್ಲಿ ರಾಟ್ಟೈ, ರಾಟ್ಟಿನಂ. ಮರಾಠಿಯಲ್ಲಿ ರಹಾಟ್, ಹಿಂದಿಯಲ್ಲಿ ರಹಟ್, ಗುಜರಾತಿಯಲ್ಲಿ ರೇಂಟ್. ಗುಜರಾತಿ ಈ ರೇಂಟಿಗೆ ಒಂದು ಬಾಲ ಸೇರಿಸಿ ರೇಂಟಿಯೋ ಎಂದರೆ ನೂಲುವ ಯಂತ್ರ, ಬಾಲವಿಲ್ಲದಿದ್ದರೆ ನೀರೆತ್ತುವ ಯಂತ್ರ. ಈ ಒಂದು ಜೋಡಿಯಲ್ಲೇ ನಮ್ಮ ಕಥೆಯ ಅರ್ಧ ಅಡಗಿದೆ. ಇವರೆಲ್ಲರ ಮೂಲಪುರುಷ ಸಂಸ್ಕೃತದ ಅರಘಟ್ಟ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಓದಿ ಪಳಗಿದ ಕಿವಿಗೆ ಈ ಹಾದಿ ಅಪರಿಚಿತವೇನಲ್ಲ: ಪ್ರಾಕೃತದಲ್ಲಿ ಘಕಾರ ಸಡಿಲಿ ಹಕಾರವಾಗಿ ಅರಹಟ್ಟ, ಮೊದಲ ಅಕಾರ ಉದುರಿ ರಹಟ್ಟ, ನಡುವಿನ ಹಕಾರವೂ ಕರಗಿದಾಗ ಎರಡು ಅಕಾರಗಳು ಕೂಡಿ ರಾಟ. ಮಹಾಪ್ರಾಣದ ಭಾರವನ್ನೆಲ್ಲ ಇಳಿಸಿಕೊಂಡು ದಕ್ಷಿಣಕ್ಕೆ ಬಂದ ಈ ಪದಕ್ಕೆ ಎಕಾರಾಂತವನ್ನು ಕೊಟ್ಟು ಕನ್ನಡ ತನ್ನ ಮನೆಯದಾಗಿಸಿಕೊಂಡಿತು.

ಅರಘಟ್ಟದ ಅರ ಎಂದರೆ ಗಾಲಿಯ ನಡುವಿನಿಂದ ಅಂಚಿಗೆ ಚಾಚಿದ ಕಡ್ಡಿ. ಘಟ್ಟವು ನೀರು ತುಂಬುವ ಘಟದ ನೆಂಟ. ಕಡ್ಡಿಗಾಲಿಗೆ ಗಡಿಗೆಗಳನ್ನು ಕಟ್ಟಿದ ನೀರಿನ ಯಂತ್ರ ಎಂಬ ಪೂರ್ತಿ ವರ್ಣನೆ ಆ ಒಂದು ಸಮಾಸದಲ್ಲಿದೆ. ಶಿಡ್ಲಘಟ್ಟದವರು ಇಲ್ಲಿ ತಮ್ಮೂರಿನ ಕಡೆ ಕಿವಿ ನಿಮಿರಿಸಬಹುದು. ಆದರೆ ಆ ಘಟ್ಟದ ದಾರಿ ಬೇರೆ. ನಮ್ಮ ಬಯಲುಸೀಮೆಯ ಎಷ್ಟೋ ಊರ ಹೆಸರುಗಳ ಕೊನೆಯಲ್ಲಿ ಕೂತ ಘಟ್ಟ, ಕೆರೆಗೆ ಕಟ್ಟಿದ ಕಟ್ಟವೇ ಮಹಾಪ್ರಾಣವನ್ನು ಏರಿಸಿಕೊಂಡ ರೂಪ. ಒಂದು ಘಟ್ಟ ನೀರನ್ನು ಎತ್ತಿತು, ಇನ್ನೊಂದು ನೀರನ್ನು ತಡೆಯಿತು.

ಬೌದ್ಧರ ವಿನಯಗ್ರಂಥ ಭಿಕ್ಷುಗಳಿಗೆ ಒಪ್ಪಿಸುವ ನೀರೆತ್ತುವ ಸಾಧನಗಳಲ್ಲಿ ಒಂದನ್ನು ಐದನೆಯ ಶತಮಾನದ ಬುದ್ಧಘೋಷನ ವ್ಯಾಖ್ಯಾನ ಇದೇ ಪದದ ಪಾಳಿ ರೂಪದಿಂದ ವಿವರಿಸುತ್ತದೆ. ಅಮರಕೋಶ ಘಟೀಯಂತ್ರಕ್ಕೆ ಉದ್ಘಾಟನ ಎಂಬ ಪರ್ಯಾಯವನ್ನು ಕೊಡುತ್ತದೆ. ಇಂದು ಕಟ್ಟಡದ ಬಾಗಿಲಲ್ಲಿ ರಿಬ್ಬನ್ನು ಕತ್ತರಿಸುವಾಗ ನಾವು ಆಡುವ ಪದ ಒಂದು ಕಾಲಕ್ಕೆ ಬಾವಿಯಿಂದ ಗಡಿಗೆಯನ್ನು ಮೇಲೆತ್ತುವ ಯಂತ್ರದ ಹೆಸರಾಗಿತ್ತೆಂದರೆ ಯಾರಿಗೆ ಸಂತೋಷವಾಗದು! ಮೃಚ್ಛಕಟಿಕದ ಕೊನೆಯಲ್ಲಿ ವಿಧಿಯ ಆಟಕ್ಕೆ ಬಾವಿಯಂತ್ರದ ಗಡಿಗೆಗಳೇ ಉಪಮಾನ: ಒಂದು ತುಂಬಿ ಏರುತ್ತದೆ, ಇನ್ನೊಂದು ಬರಿದಾಗಿ ಇಳಿಯುತ್ತದೆ. ಪಂಚತಂತ್ರದ ಗಂಗದತ್ತನೆಂಬ ಕಪ್ಪೆಯರಸನಂತೂ ದಾಯಾದಿಗಳ ಕಾಟ ತಾಳದೆ ಅರಘಟ್ಟದ ಗಡಿಗೆಯೇರಿ ಬಾವಿಯಿಂದ ಹೊರಬಂದು, ಪ್ರಿಯದರ್ಶನನೆಂಬ ಹಾವನ್ನು ಕರೆದುಕೊಂಡು ಅದೇ ದಾರಿಯಲ್ಲಿ ಒಳಗಿಳಿಯುತ್ತಾನೆ. ಕಥೆ ಕೇಳುವ ಮಗುವಿಗೆ ಇದು ಕಪ್ಪೆಯ ಪಾಡು. ಯಂತ್ರದ ಚರಿತ್ರೆ ಹುಡುಕುವವರಿಗೆ ಇದೊಂದು ಸಾಕ್ಷ್ಯ. ಹಳ್ಳದ ಅಂಚಿಗೆ ನಿಲ್ಲಿಸಿದ ಬರಿಯ ಗಾಲಿಯಾದರೆ ಆಳದ ಬಾವಿಯ ತಳಕ್ಕೆ ಮುಟ್ಟದು. ಕಪ್ಪೆಗೆ ಅಷ್ಟು ಉದ್ದದ ಏಣಿ ಸಿಕ್ಕಿತೆಂದರೆ ಆ ಗಾಲಿಯಿಂದ ಗಡಿಗೆಗಳ ಮಾಲೆ ಕೆಳಗೆ ಇಳಿಬಿದ್ದಿರಬೇಕು.

ಆ ಗಾಲಿಗೆ ಹಲ್ಲುಗಳಿದ್ದವೇ, ಎತ್ತು ಸುತ್ತು ಬಂದು ಅದನ್ನು ತಿರುಗಿಸುತ್ತಿತ್ತೇ ಎಂಬುದರ ಮೇಲೆ ತಂತ್ರಜ್ಞಾನದ ಇತಿಹಾಸಕಾರರಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ಜೋಸೆಫ್ ನೀಡಂ, ಇರ್ಫಾನ್ ಹಬೀಬ್ ಮೊದಲಾದವರೆಲ್ಲ ಅದರಲ್ಲಿ ಮಾತಾಡಿದ್ದಾರೆ. ಹದಿನಾರನೆಯ ಶತಮಾನದ ಮೊದಲಲ್ಲಿ ಬಾಬರ್ ತನ್ನ ಆತ್ಮಕಥೆಯಲ್ಲಿ ಲಾಹೋರ್, ಸಿರ್‌ಹಿಂದ್ ಕಡೆಯ ಬಾವಿಗಳನ್ನು ಕುಶಲ ಕಮ್ಮಾರನ ಕಣ್ಣಿನಿಂದ ವರ್ಣಿಸುತ್ತಾನೆ: ಹಗ್ಗದ ಜೋಡಿಸುತ್ತು, ನಡುವೆ ಅಡ್ಡಕಡ್ಡಿ, ಕಡ್ಡಿಗೆ ಗಡಿಗೆ, ಮೇಲೆ ಗಾಲಿ, ಅದೇ ಅಚ್ಚಿಗೆ ಇನ್ನೊಂದು ಗಾಲಿ, ಅದರ ಹಲ್ಲಿಗೆ ಹಲ್ಲು ಕೊಟ್ಟು ಎತ್ತು ತಿರುಗಿಸುವ ಮೂರನೆಯದು. ಹಲ್ಲಿಲ್ಲದ ಗಾಲಿಗೂ ಹಲ್ಲು ಬಂದ ಗಾಲಿಗೂ ಉತ್ತರದ ಜನ ಒಂದೇ ರಹಟ್ ಎಂಬ ಹೆಸರನ್ನು ಮುಂದುವರಿಸಿದರು. ಯಂತ್ರ ಒಳಗೆ ಎಷ್ಟು ಬದಲಾದರೂ ಹೊರಗೆ ಕಾಣುವ ತಿರುಗಾಟ ಅದೇ ಇದ್ದಲ್ಲಿ ಹೆಸರು ಬದಲಾಗುವುದಿಲ್ಲ. ರಾಟೆಯ ಇಡೀ ಬಾಳನ್ನು ಆಳುವ ಸೂತ್ರ ಇದೇ.

ನಮ್ಮ ಚಿಂತಾಮಣಿ, ಚಿಕ್ಕಬಳ್ಳಾಪುರದ ಬಾವಿಗಳಲ್ಲಿ ಗಡಿಗೆಮಾಲೆಯ ಯಂತ್ರ ನೆಲೆಯೂರಲಿಲ್ಲ. ಇಲ್ಲಿ ಆಳಿದ್ದು ಏತ ಮತ್ತು ಕಪಿಲೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇವೆರಡನ್ನೂ ಜನರಾಡುವ ಹೆಸರಿನಿಂದಲೇ ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ಏತ, ಕಪಿಲೆ ಎರಡಕ್ಕೂ ತಮಿಳಿನಲ್ಲಿ ಒಡಹುಟ್ಟುಗಳಿವೆ. ಎರಡೂ ದ್ರಾವಿಡದ ಮನೆಮಕ್ಕಳು. ಹೊರಗಿನಿಂದ ಬಂದ ರಾಟೆಗೆ ನೀರಿನ ಕೆಲಸದಲ್ಲಿ ಒಡೆತನ ಸಿಗದಿದ್ದರೂ ಒಂದು ಹುದ್ದೆ ಸಿಕ್ಕಿತು. ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ನಡೆದಾಗ ತೊಗಲಿನ ಬಾನಿಯ ಹಗ್ಗ ಮೇಲುಗಡೆ ಯಾವ ಚಿಕ್ಕ ಗಾಲಿಯ ಮೇಲೆ ಹರಿಯುತ್ತದೋ ಅದು ರಾಟೆ. ಮನೆಯ ಹಿತ್ತಿಲ ಸೇದುವ ಬಾವಿಯ ಮೇಲೆ ಕೀರಲು ದನಿ ಮಾಡುವ ಗಾಲಿಯೂ ರಾಟೆ. ಕೆಲವು ಊರಲ್ಲಿ ಅದು ಗಡಗಡೆ, ತೆಲುಗು ಬೆರೆತಲ್ಲಿ ಗಿಲಕ. ಗಡಿಗೆಗಳು ಕಳಚಿಹೋದವು, ಅರಗಳು ಕಿರಿದಾದವು, ಆದರೂ ಬಾವಿಯ ಮೇಲಿನ ತನ್ನ ಜಾಗವನ್ನು ಪದ ಬಿಟ್ಟುಕೊಡಲಿಲ್ಲ. ಅದು ಆ ಜಾಗ ಬಿಟ್ಟದ್ದು ನಮ್ಮ ಕಣ್ಣೆದುರೇ. ನೀರು ಸಾವಿರ ಅಡಿಗಿಂತ ಕೆಳಗಿಳಿದು ತೆರೆದ ಬಾವಿಗಳು ಒಣಗಿದವು. ಕೊಳವೆಬಾವಿಯ ಮೋಟರನ್ನು ಮೇಲೆತ್ತಲು ಮೂರು ಕಾಲಿನ ಕಂಬ ನೆಟ್ಟವರು ಹಗ್ಗ ಹಾಯಿಸುವ ಗಾಲಿಯನ್ನು ಪುಲ್ಲಿ ಎಂದು ಕರೆದರು. ನೀರಿನೊಡನೆ ಒಂದು ಪದವೂ ಕೆಳಗಿಳಿಯಿತೆಂಬ ಸಂಕಟವನ್ನು ಈ ಸೀಮೆಯವರಲ್ಲದೆ ಬೇರೆ ಯಾರು ಬಲ್ಲರು?

ಬಾವಿಯಿಂದ ಪಡಸಾಲೆಗೆ ರಾಟೆ ಬಂದ ಬಗೆ ಇನ್ನೂ ಸೊಗಸಾದದ್ದು. ನೂಲುವ ಕೆಲಸದ ನಮ್ಮ ಶಬ್ದಗಳನ್ನು ಸಾಲಾಗಿಟ್ಟು ನೋಡಿ. ಹತ್ತಿ, ಅದನ್ನು ಬಿಡಿಸಿ ಸುತ್ತಿದ ಹಂಜಿ, ಅದರಿಂದ ಎಳೆದ ನೂಲು, ನೂಲು ಹೊಸೆದು ಸುತ್ತಿಕೊಳ್ಳುವ ಕದಿರು: ಎಲ್ಲವೂ ಅಚ್ಚ ದ್ರಾವಿಡ, ತಮಿಳಿನ ಪರುತ್ತಿ, ಪಂಜಿ, ನೂಲ್, ಕದಿರ್ ಇವಕ್ಕೆ ಜೊತೆಗಾರರು. ಈ ಬಳಗದ ನಡುವೆ ಉತ್ತರದಿಂದ ಬಂದ ನೆಂಟನ ಹಾಗೆ ಕೂತಿರುವುದು ರಾಟೆಯೊಂದೇ. ಶಬ್ದಗಳ ಈ ಪದರವಿನ್ಯಾಸವೇ ಒಂದು ಶಾಸನ: ಮೊದಲು ಕೈಬೆರಳಿನಿಂದ ತಿರುಗಿಸುವ ಕದಿರಿತ್ತು, ಗಾಲಿ ಬಂದು ಅದಕ್ಕೆ ಸೇರಿದ್ದು ಆಮೇಲೆ. ದೊಡ್ಡ ಗಾಲಿಯ ಸುತ್ತ ಒಂದು ದಾರ ಹಾಯಿಸಿ ಅದನ್ನೇ ಸಣ್ಣ ಕದಿರಿಗೂ ಹಾಯಿಸಿದರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಕದಿರು ಹತ್ತಾರು ಸುತ್ತು ಬರುತ್ತದೆ. ಇಂದು ಗಿರಣಿಯಲ್ಲಿ ಬೆಲ್ಟು ಮಾಡುವ ಕೆಲಸವನ್ನು ಅಂದು ಆ ದಾರ ಮಾಡಿತು. ಆ ಗಾಲಿಗೆ ಹೆಸರು ಹುಡುಕಿದ ಜನ ಬಾವಿಯ ಕಡೆ ತಿರುಗಿ ನೋಡಿದರು; ಅಲ್ಲಿ ತಿರುಗುತ್ತಿದ್ದದ್ದು ರಾಟೆ, ಇಲ್ಲಿ ತಿರುಗುವುದೂ ರಾಟೆ.

ಇದು ಯಾವಾಗ ಆಯಿತೆಂಬುದಕ್ಕೆ ಕನ್ನಡನಾಡು ಎರಡು ಸಾಕ್ಷಿಗಳನ್ನು ಕೊಡುತ್ತದೆ. ಭಾರತದ ನೂಲುವ ಗಾಲಿಗೆ ಇತಿಹಾಸಕಾರರು ತೋರಿಸುವ ಹಳೆಯ ಪಾರಸಿ ಉಲ್ಲೇಖ ಇಸಾಮಿ ಎಂಬ ಕವಿಯದು. ಅದು ಕಲಬುರಗಿಯ ಮೊದಲ ಬಹಮನಿ ಸುಲ್ತಾನನ ಆಶ್ರಯದಲ್ಲಿ 1350ರಲ್ಲಿ ಮುಗಿದ ಕಾವ್ಯ. ಅದಕ್ಕೂ ಹಿಂದಿನದು ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ದನಿ. ನೂಲುವುದು ಆಕೆಯ ಕಾಯಕ. ಹೆಸರಿನಲ್ಲಿ ಕದಿರು, ಅಂಕಿತದಲ್ಲಿಯೂ ಕದಿರು. ತಾನು ತಿರುಗಿಸುವ ರಾಟೆಯ ಅಂಗಾಂಗಗಳನ್ನು ಒಂದೊಂದಾಗಿ ಹೇಳುತ್ತ ಒಂದೊಂದರಲ್ಲಿ ಒಬ್ಬೊಬ್ಬ ದೇವರನ್ನು ಕಾಣುವ ಆಕೆಯ ವಚನ ಬಹಳ ಪ್ರಸಿದ್ಧ. ಭಕ್ತಿಗಾಗಿ ಓದುವ ಆ ವಚನವನ್ನು ಒಮ್ಮೆ ಬಡಗಿಯ ಕಣ್ಣಿನಿಂದಲೂ ಓದಬೇಕು. ಕೆಳಗಿನ ಹಲಗೆ, ಮೇಲಿನ ಕಟ್ಟು, ನಿಂತ ಗೊಂಬೆ ಎಂದು ಯಂತ್ರದ ಭಾಗಗಳನ್ನು ಕ್ರಮವಾಗಿ ಹೆಸರಿಸುವ ಬರಹ ನಮ್ಮ ಹಳೆಯ ಸಾಹಿತ್ಯದಲ್ಲಿ ಎಷ್ಟಿವೆ? ಅಂಥ ಅಪರೂಪದ ಬರಹ ಯಂತ್ರವನ್ನು ನಡೆಸುತ್ತಿದ್ದ ಹೆಂಗಸಿನ ಕೈಯಿಂದಲೇ ಬಂದಿದೆ.

ಇಸಾಮಿ ಬಳಸಿದ ಚರಖಾ ನಮ್ಮಲ್ಲಿ ಚರಕವಾಗಿ ರಾಟೆಯ ಪಕ್ಕದಲ್ಲೇ ಬಂದು ಕೂತಿತು. ಅದರ ಮೂಲ ಪಾರಸಿಯ ಚರ್ಖ್, ಅಂದರೆ ಗಾಲಿ. ಅದು ಸಂಸ್ಕೃತದ ಚಕ್ರಕ್ಕೆ ದೂರದ ಒಡಹುಟ್ಟು. ಶಿಡ್ಲಘಟ್ಟದಲ್ಲಿ ಚರಕ ಎಂದರೆ ಹತ್ತಿ ನೆನಪಾಗದು, ರೇಷ್ಮೆ ನೆನಪಾಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಮೈಸೂರಿಗೆ ತಂದು ಬೇರೂರಿಸಿದ ರೇಷ್ಮೆ ಈ ಊರನ್ನು ಗೂಡಿನ ಮಾರುಕಟ್ಟೆಯ ಊರನ್ನಾಗಿ ಮಾಡಿತು. ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ, ಹಲವು ಗೂಡುಗಳ ಎಳೆತುದಿ ಹಿಡಿದು ಒಬ್ಬರು ಕೂಡಿಸುತ್ತ ಹೋದರೆ, ಇನ್ನೊಬ್ಬರು ದೊಡ್ಡ ಮರದ ಗಾಲಿ ತಿರುಗಿಸಿ ನೂಲನ್ನು ಸುತ್ತಿಕೊಳ್ಳುವುದು ಚರಕದ ಬಿಚ್ಚಣಿಕೆ. ಅದರಾಚೆಗೆ ಕಾಟೇಜ್ ಬೇಸಿನ್ ಬಂತು, ಈಗ ಸ್ವಯಂಚಾಲಿತ ಯಂತ್ರಗಳೂ ಬಂದಿವೆ. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ನೂಲುವುದೇ ಇಲ್ಲ. ಹುಳು ನೂತದ್ದನ್ನು ಬಿಚ್ಚುವುದು ಮಾತ್ರ. ಕೆಲಸ ತಿರುವುಮುರುವಾದರೂ ತಿರುಗುವ ಗಾಲಿ ತನ್ನ ಹಳೆಯ ಹೆಸರನ್ನೇ ಉಳಿಸಿಕೊಂಡಿತು.

ಇದೇ ಸೂತ್ರ ಹಿಡಿದು ಜಾತ್ರೆಗೆ ಹೋದರೆ ಮಕ್ಕಳನ್ನು ಕೂರಿಸಿ ಮೇಲೆ ಕೆಳಗೆ ತಿರುಗುವ ತೊಟ್ಟಿಲುಗಾಲಿಗೆ ರಂಕಲರಾಟೆ ಎನ್ನುತ್ತಾರೆ, ತೆಲುಗರು ರಂಗುಲ ರಾಟ್ನಂ ಎನ್ನುತ್ತಾರೆ. ಏರುವ ತೊಟ್ಟಿಲು, ಇಳಿಯುವ ತೊಟ್ಟಿಲು. ಅರಘಟ್ಟದ ಗಡಿಗೆಗಳು ಸಾವಿರ ವರ್ಷದ ಮೇಲೆ, ನೀರಿನ ಬದಲು ಮಕ್ಕಳ ನಗುವನ್ನು ತುಂಬಿಕೊಂಡು, ಮರಳಿ ಬಂದಂತೆ ನಮಗೆ ಕಾಣುತ್ತದೆ.

ನಂದಿಬೆಟ್ಟದಲ್ಲಿ 1927ರಲ್ಲಿಯೂ 1936ರಲ್ಲಿಯೂ ತಂಗಿ ವಿಶ್ರಾಂತಿ ಪಡೆದ ಗಾಂಧಿಯವರಿಗೆ ರಾಟೆ ಪೂಜೆಯ ವಸ್ತುವಷ್ಟೇ ಆಗಿರಲಿಲ್ಲ, ಇನ್ನೂ ಸುಧಾರಿಸಬೇಕಾದ ಯಂತ್ರವೂ ಆಗಿತ್ತು. 1929ರಲ್ಲಿ ಅಖಿಲ ಭಾರತ ಚರಕ ಸಂಘ ಉತ್ತಮ ರಾಟೆಗೆಂದು ಒಂದು ಲಕ್ಷ ರೂಪಾಯಿಯ ಬಹುಮಾನವನ್ನು ಸಾರಿತು. ಅದೇ ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದೊಡ್ಡ ಅಣೆಕಟ್ಟು, ದೊಡ್ಡ ಕಾರ್ಖಾನೆಗಳ ಕನಸು ಕಂಡವರು. ಇಬ್ಬರ ಯಂತ್ರಗಳ ಅಳತೆ ಬೇರೆ. ಯಂತ್ರವನ್ನು ಗಂಭೀರವಾಗಿ ತೆಗೆದುಕೊಂಡ ಮನಸ್ಸು ಒಂದೇ.

ಈಗ ಮತ್ತೆ ವಿದುರಾಶ್ವತ್ಥದ ಬಾವುಟಕ್ಕೆ ಬರೋಣ. 1947ರ ಜುಲೈ 22ರಂದು ಸಂವಿಧಾನ ಸಭೆ ರಾಷ್ಟ್ರಧ್ವಜವನ್ನು ಒಪ್ಪಿದಾಗ ನೆಹರೂ ಕೊಟ್ಟ ವಿವರಣೆಯಲ್ಲಿ ಒಂದು ಯಂತ್ರಶಾಸ್ತ್ರದ ಮಾತಿದೆ: ರಾಟೆಯ ಚಿತ್ರದಲ್ಲಿ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು, ಬಾವುಟದ ಮರುಬದಿಯಿಂದ ನೋಡಿದರೆ ಅವು ಅದಲುಬದಲಾಗುತ್ತವೆ. ಎರಡೂ ಬದಿಗೆ ಒಂದೇ ರೀತಿ ಕಾಣಬೇಕೆಂದು ಗಾಲಿಯನ್ನಷ್ಟೇ ಉಳಿಸಿಕೊಂಡು, ಆ ಗಾಲಿಗೆ ಅಶೋಕನ ಚಕ್ರದ ರೂಪ ಕೊಟ್ಟರು. ಕದಿರು ಹೋಯಿತು, ದಾರ ಹೋಯಿತು, 24 ಅರಗಳು ಉಳಿದವು. ಅರಘಟ್ಟ ಬಾವಿ ಬಿಟ್ಟು ಹೊರಟಾಗ ಹೆಸರಿನ ಮೊದಲಲ್ಲಿ ಇಟ್ಟುಕೊಂಡಿದ್ದೂ ಆ ಅರವೇ. ರಾಟೆ ಎನ್ನುವಾಗ ನಮ್ಮ ನಾಲಗೆಗೆ ಮೊದಲು ತಾಕುವ ರಕಾರ ಅದರದೇ ಉಳಿಕೆ. ಇನ್ನು ಕದಿರಿನ ವಿಷಯ. ಕನ್ನಡದಲ್ಲಿ ಕದಿರೆಂದರೆ ನೂಲುವ ಕಡ್ಡಿಯೂ ಹೌದು, ಬೆಳಕಿನ ಕಿರಣವೂ ಹೌದು. ವಿದುರಾಶ್ವತ್ಥದ ಸ್ಮಾರಕದ ಎದುರು ನಿಂತು ಇಂದಿನ ಬಾವುಟದ ಕಡೆ ತಲೆಯೆತ್ತಿದರೆ, ನಟ್ಟನಡುವಿನಿಂದ ಸುತ್ತಲೂ ಚಾಚಿಕೊಂಡ ಆ ನೀಲಿ ಗೆರೆಗಳಿಗೆ ಅರವೆಂದರೂ ಸಲ್ಲುತ್ತದೆ, ಕದಿರೆಂದರೂ ಸಲ್ಲುತ್ತದೆ.