ನಿಲ್ಲದ ನೆತ್ತರು: ಕುರ್ತುಬಾದಿಂದ ಕಡೂರಿನವರೆಗೆ

ಸ್ಪೇನಿನ ಕುರ್ತುಬಾ ಬಳಿಯ ಅಝ್ಝಹ್ರಾ ನಗರದ ವೈದ್ಯ ಅಬುಲ್ ಖಾಸಿಮ್ ಅಝ್ಝಹ್ರಾವಿ ಸುಮಾರು 1000ನೇ ಇಸವಿಯಲ್ಲಿ ಮುಗಿಸಿದ 'ಅತ್ತಸ್ರೀಫ್' ವೈದ್ಯಗ್ರಂಥದಲ್ಲಿ ಒಂದು ಹಳ್ಳಿಯ ಪ್ರಸ್ತಾಪವಿದೆ. ಅಲ್ಲಿನ ಗಂಡಸರಿಗೆ ಗಾಯವಾದರೆ ಪ್ರಾಣ ಹೋಗುವವರೆಗೂ ನೆತ್ತರು ನಿಲ್ಲುತ್ತಿರಲಿಲ್ಲ. ವಸಡು ಉಜ್ಜಿದ್ದಕ್ಕೇ ಒಬ್ಬ ಬಾಲಕ ತೀರಿಕೊಂಡಿದ್ದ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ, ಇದರ ಕಾರಣ ನನಗೆ ತಿಳಿಯದು ಎಂಬರ್ಥದ ಮಾತನ್ನು ಅವರು ಬರೆದಿಟ್ಟರು. ಅವರ ಶಸ್ತ್ರೋಪಕರಣಗಳ ಚಿತ್ರಗಳನ್ನು ಎಲ್ಲರೂ ಹೊಗಳುತ್ತಾರೆ. ನಮಗಾದರೋ ಈ 'ತಿಳಿಯದು' ಎಂಬ ಮಾತೇ ದೊಡ್ಡದಾಗಿ ಕಾಣುತ್ತದೆ.

ಯಹೂದಿ ಧರ್ಮಶಾಸ್ತ್ರಜ್ಞರು ಅದಕ್ಕೂ ಮುಂಚೆಯೇ, ಇಬ್ಬರು ಗಂಡುಮಕ್ಕಳು ಖತ್ನಾದಿಂದ ಸತ್ತಿದ್ದರೆ ಮೂರನೆಯವನಿಗೆ ಮಾಡಿಸಬಾರದು ಎಂದಿದ್ದರು. 1803ರಲ್ಲಿ ಫಿಲಡೆಲ್ಫಿಯಾದ ಡಾ. ಜಾನ್ ಕಾನ್ರಾಡ್ ಒಟ್ಟೊ, ಈ ದೋಷ ಗಂಡುಮಕ್ಕಳನ್ನು ಕಾಡಿದರೂ ತಾಯಂದಿರ ಮೂಲಕ ಇಳಿದು ಬರುತ್ತದೆಂದು ಬರೆದರು. ಅದೇ ಹಿಮೋಫಿಲಿಯಾ: ರಕ್ತ ಹೆಪ್ಪುಗಟ್ಟಿಸುವ 8ನೇ ಅಥವಾ 9ನೇ ಫ್ಯಾಕ್ಟರ್‌ನ ಕೊರತೆ. ಹೆಣ್ಣುಮಕ್ಕಳಿಗೆ ಇಂಥ ರೋಗಗಳೇ ಇಲ್ಲವೆಂದಲ್ಲ. 1926ರಲ್ಲಿ ಫಿನ್ಲೆಂಡಿನ ಡಾ. ವಾನ್ ವಿಲ್ಲೆಬ್ರಾಂಡ್ ವರ್ಣಿಸಿದ ಮನೆತನದಲ್ಲಿ ಬಾಲಕಿಯೊಬ್ಬಳು ಮುಟ್ಟಿನ ರಕ್ತಸ್ರಾವದಿಂದಲೇ ಅಸುನೀಗಿದ್ದಳು. ವಿಪರೀತ ಮುಟ್ಟನ್ನು 'ಹೆಂಗಸರಿಗೆ ಇದ್ದದ್ದೇ' ಎಂದು ತಳ್ಳಿಹಾಕುವ ಮನೆಗಳು ಇಂದೂ ಇವೆ.

ಕರ್ನಾಟಕದಲ್ಲಿ ಈ ಚರಿತ್ರೆಯ ಮುಖ್ಯ ಅಧ್ಯಾಯ ದಾವಣಗೆರೆಯದು. ಸ್ವತಃ ಹಿಮೋಫಿಲಿಯಾ ಇರುವ ಡಾ. ಸುರೇಶ್ ಹನಗವಾಡಿ ವೈದ್ಯರಾಗಿ, ರೋಗಶಾಸ್ತ್ರದ ಪ್ರಾಧ್ಯಾಪಕರಾಗಿ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಅಲ್ಲಿ ಕಟ್ಟಿ ಬೆಳೆಸಿದರು. ರೋಗಿಯೇ ರೋಗದ ಪಾಠ ಹೇಳಿದ್ದು ಸಣ್ಣ ಸಂಗತಿಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಹಿಮೋಫಿಲಿಯಾ ಸೇರಿತು.

ಅಯ್ಯನಕೆರೆಯ ಸೀಮೆಯ ಸಖರಾಯಪಟ್ಟಣದಿಂದ ದಾವಣಗೆರೆ ಬಹುದೂರವೇನಲ್ಲ. ಕಡೂರಿಗೆ ಹೋಗಿ ರೈಲು ಹತ್ತಿದರೆ ಬೀರೂರು, ಅಜ್ಜಂಪುರ, ಚಿಕ್ಕಜಾಜೂರು ದಾಟಿ ಅದೇ ಹಳಿಯ ಮೇಲೆ ಬರುತ್ತದೆ. ಆದರೆ ರೋಗವಿದೆಯೆಂಬ ಅನುಮಾನವೇ ಹುಟ್ಟದಿದ್ದರೆ ಯಾವ ರೈಲು ಏನು ಮಾಡೀತು? ಅಂಬೆಗಾಲಿಡುವ ಕೂಸಿನ ಮೈಮೇಲೆ ನೀಲಿ ಕಲೆ, ಪೆಟ್ಟಿಲ್ಲದೆ ಊದುವ ಮೊಣಕಾಲು, ಹಲ್ಲು ಕಿತ್ತ ಮೇಲೆ ನಿಲ್ಲದ ರಕ್ತ: ಇವು ಸೂಚನೆಗಳು. ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ; ಹಿಮೋಫಿಲಿಯಾದಲ್ಲಿ ಅದು ಸರಿಯಾಗಿಯೇ ಇರುತ್ತದೆ. ಎಪಿಟಿಟಿ ಎಂಬ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿದರೆ ಫ್ಯಾಕ್ಟರ್ ಅಳೆಯಬೇಕು.

ಖತ್ನಾಕ್ಕೆ ಮುನ್ನ ತಾಯಿಯನ್ನು ಕೇಳಬೇಕಾದ್ದು ಇಷ್ಟೇ: ನಿಮ್ಮ ಅಣ್ಣತಮ್ಮಂದಿರಿಗೆ, ನಿಮ್ಮ ತಾಯಿಯ ಅಣ್ಣತಮ್ಮಂದಿರಿಗೆ ಹೀಗೇನಾದರೂ ಆಗಿತ್ತೇ? ಹೌದೆಂದರೆ ಮೊದಲು ರಕ್ತಪರೀಕ್ಷೆ. ಇಲ್ಲವೆಂದರೂ ಮಗುವಿನ ಮೈಮೇಲಿನ ಕಲೆಗಳನ್ನು ನೋಡಲೇಬೇಕು. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ರೋಗವಿರುವುದಿಲ್ಲ. ರೋಗ ಖಚಿತವಾದರೆ ಖತ್ನಾ ತಪ್ಪಿಹೋಯಿತೆಂದು ಹೆತ್ತವರು ಕೊರಗಬೇಕಿಲ್ಲ. ಮುಂಚಿತವಾಗಿ ಫ್ಯಾಕ್ಟರ್ ಕೊಟ್ಟು, ರಕ್ತರೋಗ ತಜ್ಞರಿರುವ ಆಸ್ಪತ್ರೆಯಲ್ಲಿ ಅದನ್ನು ಮಾಡಿಸಬಹುದು.