ಡಿಲ್ಲಿ ಚೀಲ

ಆಸ್ಟ್ರೇಲಿಯದ ಮೂಲನಿವಾಸಿಗಳು ಸಸ್ಯನಾರಿನಿಂದ ಹೆಣೆಯುವ ಚೀಲ. ಇದನ್ನು ಹೆಗಲಿಗೆ ಇಳಿಬಿಡುತ್ತಾರೆ, ಇಲ್ಲವೆ ಹುರಿಯನ್ನು ಹಣೆಗೆ ಸಿಕ್ಕಿಸಿ ಬೆನ್ನ ಮೇಲೆ ಹೊರುತ್ತಾರೆ. ಹೆಸರು ಬ್ರಿಸ್ಬೇನ್ ಸುತ್ತಿನ ಯಗಾರ ಭಾಷೆಯದು. ಉತ್ತರದ ಆರ್ನೆಮ್ ಲ್ಯಾಂಡಿನ ಯೊಲ್ಙು ಜನ ಇದನ್ನು ಬಾತಿ ಎನ್ನುತ್ತಾರೆ. ಅಲ್ಲಿನ ಬಂಡೆಗಳ ಮೇಲಿರುವ ಸಾವಿರಾರು ವರ್ಷ ಹಳೆಯ ಚಿತ್ರಗಳಲ್ಲೇ ಚೀಲ ತೊಟ್ಟ ಮನುಷ್ಯರು ಕಾಣಸಿಗುತ್ತಾರೆ.

ಆರ್ನೆಮ್ ಲ್ಯಾಂಡಿನಲ್ಲಿ ಹೆಣಿಗೆ ಹೆಚ್ಚಾಗಿ ಹೆಂಗಸರ ಕೆಲಸ. ಕೇದಗೆಯ ಕುಲಕ್ಕೇ ಸೇರಿದ ಪಾಂಡನಸ್ ಗಿಡದ ಎಳೆಗರಿಗಳನ್ನು ಕಿತ್ತು, ಅಂಚಿನ ಮುಳ್ಳು ತೆಗೆದು, ಸೀಳಿ ಒಣಗಿಸುತ್ತಾರೆ. ಬೇರುಗಳಿಂದ ಹಳದಿ, ಕೆಂಪು ಬಣ್ಣ ಪಡೆಯುತ್ತಾರೆ. ಕುರ‍್ರಾಜಾಂಗ್ ಮರದ ಒಳತೊಗಟೆಯ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡುತ್ತಾರೆ. ಹೆಣಿಗೆ ಎಷ್ಟು ಬಿಗಿ ಎಂಬುದರ ಮೇಲೆ ಬಳಕೆ ನಿಂತಿದೆ. ಒತ್ತಾಗಿ ಹೆಣೆದದ್ದರಲ್ಲಿ ಕಾಡುಜೇನನ್ನೂ ತರಬಹುದು. ಹುರಿಯ ಸಡಿಲ ಚೀಲ ತುಂಬಿದಷ್ಟೂ ಹಿಗ್ಗುವುದರಿಂದ ಗೆಡ್ಡೆ, ಚಿಪ್ಪುಜೀವಿಗಳನ್ನು ಹೊರಲು ಒಳ್ಳೆಯದು. ವಿಷವಿರುವ ಸೈಕಾಡ್ ಬೀಜಗಳನ್ನು ಅದರಲ್ಲೇ ಕಟ್ಟಿ ನೀರಿನಲ್ಲಿ ನೆನೆಹಾಕಿ ತಿನ್ನಲು ಯೋಗ್ಯವಾಗಿಸುತ್ತಾರೆ.

ಕ್ವೀನ್ಸ್‌ಲ್ಯಾಂಡಿನ ಈಶಾನ್ಯದ ಮಳೆಕಾಡಿನಲ್ಲಿ ಮಾತ್ರ ಕಾಣುವ ಜಾವುನ್ ಎಂಬ ಬುಟ್ಟಿಯ ತಳ ಎರಡು ಕೊಂಬುಗಳಾಗಿ ಚಾಚಿರುತ್ತದೆ. ಗಿರಮಾಯ್, ಜಿರ‍್ಬಲ್ ಮೊದಲಾದ ಸಮುದಾಯಗಳಲ್ಲಿ ಇದನ್ನು ಬೆತ್ತದಿಂದ ಹೆಣೆಯುತ್ತಿದ್ದವರು ಗಂಡಸರು. ಕಾಡಿನ ವಿಷಬೀಜಗಳನ್ನು ಹರಿಯುವ ನೀರಿನಲ್ಲಿ ತೊಳೆಯುವುದು ಇದರ ಮುಖ್ಯ ಉಪಯೋಗ. ಕೂಸುಗಳನ್ನು ಎತ್ತಿಕೊಂಡು ಹೋಗಲೂ ಬಳಸುತ್ತಿದ್ದರು.

ಆಚರಣೆಗೆಂದು ಮಾಡಿದ ಚೀಲಗಳಿಗೆ ಲೋರಿಕೀಟ್ ಗಿಳಿಯ ಗರಿಗಳ ಅಲಂಕಾರವಿರುತ್ತದೆ. ಯೊಲ್ಙು ಪುರಾಣದಲ್ಲಿ ಜಾಂಗ್‌ಕಾವು ಸೋದರಿಯರು ಕಡಲು ದಾಟಿ ಬಂದು, ಅಗೆಗೋಲಿನಿಂದ ನೆಲವನ್ನು ಚುಚ್ಚಿ ನೀರಿನ ಒರತೆ ಹುಟ್ಟಿಸಿದರು. ಅವರ ಪವಿತ್ರ ಚೀಲಗಳನ್ನು ಗಂಡಸರು ಕದ್ದ ಮೇಲೆ ಆಚರಣೆಯ ಅಧಿಕಾರವೂ ಗಂಡಸರ ಪಾಲಾಯಿತು. ದಿನದ ಗೆಡ್ಡೆಗಳನ್ನು ಹೊರುವ ವಸ್ತುವೇ ಪುರಾಣದಲ್ಲಿ ಕುಲದ ಅಧಿಕಾರವನ್ನೂ ಹೊರುತ್ತದೆ.

20ನೆಯ ಶತಮಾನದಲ್ಲಿ ಹೆಣಿಗೆಯ ವಿಧಾನಗಳು ಊರಿಂದೂರಿಗೆ ಸಂಚರಿಸಿದವು. ದಕ್ಷಿಣದ ನರಿಂಜರಿ ಜನರ ಸುರುಳಿ ಹೆಣಿಗೆಯನ್ನು 1920ರ ದಶಕದಲ್ಲಿ ಮಿಷನರಿ ಗ್ರೆಟಾ ಮ್ಯಾಥ್ಯೂಸ್ ಉತ್ತರದ ಗೋಲ್ಬರ್ನ್ ದ್ವೀಪಕ್ಕೆ ಒಯ್ದರು; ಅಲ್ಲಿಂದ ಅದು ಆರ್ನೆಮ್ ಲ್ಯಾಂಡಿನಲ್ಲಿ ಹಬ್ಬಿತು. ನರಿಂಜರಿ ಹೆಣಿಗೆಗಾರ್ತಿ ಇವೊನ್ ಕೂಲ್‌ಮಾಟ್ರಿ 1997ರ ವೆನಿಸ್ ಬಿಯೆನಾಲೆಯಲ್ಲಿ ಆಸ್ಟ್ರೇಲಿಯವನ್ನು ಪ್ರತಿನಿಧಿಸಿದ ಮೂವರು ಕಲಾವಿದೆಯರಲ್ಲಿ ಒಬ್ಬರು. ಇಂದು ಮಾನಿಂಗ್ರಿಡ, ರಾಮಿಂಗಿನಿಂಗ್ ಕಲಾಕೇಂದ್ರಗಳ ಚೀಲಗಳು ಗ್ಯಾಲರಿಗಳಿಗೆ ಮಾರಾಟವಾಗುತ್ತವೆ. ಕಾರ್ಡ್‌ವೆಲ್‌ನ ಗಿರಿಂಗನ್ ಕೇಂದ್ರದ ಕಲಾವಿದರು ಜಾವುನ್ ಹೆಣಿಗೆಯನ್ನು ಮುಂದುವರಿಸಿದ್ದಾರೆ.